ಬಾಯಿ ಕೂಡಲಿ ಎಂದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಗಾಂಧಿ ಗಂಜಿನ ದಲಾಲರೊಬ್ಬರ ಮಗಳ ಬಾಯಿಗೆ ಅಚ್ಚು ತೆಗೆಯುವ ಗುಲಾಬಿ ಹಿಟ್ಟು ತುಂಬಿ, ಅದು ಗಟ್ಟಿಯಾಗಲೆಂದು ಒತ್ತಿ ಹಿಡಿದು ನಿಂತಿದ್ದೆ. ಅಂಥ ಹೊತ್ತಿನಲ್ಲಿ ಕೈ ತೆಗೆದರೆ ಅಚ್ಚು ಕೆಡುತ್ತದೆ. ನಾನು ಕೈ ತೆಗೆಯಲಿಲ್ಲ. ಅಚ್ಚು ಕೆಡುವ ಭಯ ಇಲ್ಲದಿದ್ದರೂ ತೆಗೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶ್ರದ್ಧಾಂಜಲಿ ಓದುವ ಆಸೆಯಿಂದ ಕೂತವರು ಇಲ್ಲಿಗೇ ಎದ್ದು ಹೋಗುವುದು ಒಳ್ಳೆಯದು.

"ಮೇಡಂ, ಬಾಜೂ ಮನಿ ಸಾಹೇಬ್ರು ಹೋದ್ರಂತ್ರಿ," ಎಂದಳು ಬಾಗಿಲಲ್ಲಿ ನಿಂತ ಸಿಸ್ಟರ್. ಹೇಳುತ್ತಲೇ ಅವಳ ಕಣ್ಣು ಮೆಟ್ಟಿಲ ತುದಿಯಲ್ಲಿದ್ದ ಕುರ್ಚಿಯ ಕಡೆ ಹೋಯಿತು. ನನ್ನದೂ ಹೋಯಿತು. ಕುರ್ಚಿ ಖಾಲಿ ಇತ್ತು. ಅದು ಖಾಲಿಯಾಗಲಿ ಎಂದು ನಾನು ವರ್ಷಗಟ್ಟಲೆ ಹಂಬಲಿಸಿದ್ದೆ. ಈಗ ಖಾಲಿಯಾದಾಗ, ಇದು ಇಷ್ಟು ತಡವಾಗಿ ಯಾಕಾಯಿತು ಎನ್ನಿಸಿತೇ ಹೊರತು ಬೇರೇನೂ ಅನ್ನಿಸಲಿಲ್ಲ.

ನಾನು ಬೀದರಿನಲ್ಲಿ ಹಲ್ಲಿನ ಡಾಕ್ಟರು. ಹುಳುಕು ಹಲ್ಲು ಕೀಳುವುದು, ಕಟ್ಟುವುದು ನನ್ನ ಕೆಲಸವಲ್ಲ. ವಕ್ರ ಹಲ್ಲು, ವಕ್ರ ದವಡೆ ನೇರ ಮಾಡುವುದು ನನ್ನ ಕೆಲಸ, ಅದರಲ್ಲೂ ಮಕ್ಕಳದು. ದೊಡ್ಡವರಿಗೆ ತಂತಿ ಹಾಕಿ ಹಲ್ಲನ್ನು ಸರಿಸಬಹುದು, ಆದರೆ ಅವರ ದವಡೆ ನಮ್ಮ ಮಾತು ಕೇಳುವುದಿಲ್ಲ. ಏಳೆಂಟು ವರ್ಷದ ಮಗುವಿನ ಎಲುಬು ಇನ್ನೂ ಹಸಿ. ಎಲ್ಲ ಮಕ್ಕಳಿಗೂ ಅಲ್ಲ, ಕೆಲವು ಮಕ್ಕಳಿಗೆ, ಹಾಲುಹಲ್ಲು ಬೀಳುವ ಆ ಕಾಲದಲ್ಲೇ ಕೈ ಹಾಕಿದರೆ ಮುಂದಿನ ದೊಡ್ಡ ಕಷ್ಟ ತಪ್ಪುತ್ತದೆ. ಆ ವಯಸ್ಸು ದಾಟಿದರೆ ಮತ್ತೆ ತಿರುಗಿ ಬರುವುದಿಲ್ಲ. ನನ್ನ ಓದೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಅವರ ದೊಡ್ಡಸ್ತಿಕೆಯೆಲ್ಲ ನಿಂತಿದ್ದುದು ಈ ಮಾತನ್ನು ಮೆಟ್ಟಿಲಲ್ಲೇ ತಡೆದು ವಾಪಸು ಕಳಿಸುವುದರ ಮೇಲೆ.

ಅವರು ಹಲ್ಲಿನ ಡಾಕ್ಟರಲ್ಲ. ನಿಜ ಹೇಳಬೇಕೆಂದರೆ ಯಾವ ಡಾಕ್ಟರೂ ಅಲ್ಲ. ದನದ ದವಾಖಾನೆಯಲ್ಲಿ ಇನ್‌ಸ್ಪೆಕ್ಟರಾಗಿ ಔರಾದ, ಭಾಲ್ಕಿ ಎಂದು ತಿರುಗಿ ನಿವೃತ್ತರಾದವರು. ಎತ್ತಿನ ಕಿವಿಗೆ ವಿಮೆಯ ಬಿಲ್ಲೆ ಹೊಡೆಯುವ ಮೊದಲು ಅದರ ವಯಸ್ಸು ಹೇಳುವುದು ಅವರ ಕೆಲಸಗಳಲ್ಲಿ ಒಂದು. ವಯಸ್ಸು ಹೇಳಲು ಬಾಯಿ ತೆರೆದು ನೋಡಬೇಕು. ಹೋರಿಗೆ ಮೊದಲು ಹಾಲುಹಲ್ಲು, ಅವು ಬಿದ್ದು ಎರಡು ಹಲ್ಲು, ಆಮೇಲೆ ನಾಲ್ಕು, ಆರು. ಎಂಟೂ ಬಂದು ಸಾಲು ತುಂಬಿದರೆ ಬಾಯಿ ಕೂಡಿತು ಎನ್ನುತ್ತಾರೆ. ಸಂತೆಯಲ್ಲಿ ಈ ವಿದ್ಯೆ ಬಲ್ಲ ದಲಾಲರು ಬೇಕಾದಷ್ಟು ಜನ ಇದ್ದಾರೆ. ಆದರೆ ಸರ್ಕಾರಿ ಪಗಾರದ ಮೇಲೆ ಈ ವಿದ್ಯೆ ನಡೆಸಿದವರಿಗೆ ಕೊಂಬು ಮೂಡುವುದು ಬೇಗ. ಹಳ್ಳಿಗಳಲ್ಲಿ ಜನ ಅವರನ್ನು ಡಾಕ್ಟರ್ ಸಾಹೇಬರು ಎಂದು ಕರೆಯುತ್ತಿದ್ದರು. ತಾನು ಡಾಕ್ಟರಲ್ಲ ಎಂದು ಅವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಇಸ್ತ್ರಿ ಮುರಿಯದ ಬಿಳಿ ಪೈಜಾಮ, ಬಿಳಿ ಅಂಗಿ, ಕೊರಳಿಗೆ ಮಡಿಸಿ ಇಟ್ಟ ಕರವಸ್ತ್ರ. ಮೇಲಿನ ತುಟಿಯ ಮೇಲೆ ದಪ್ಪ ಮೀಸೆ. ಆ ಮೀಸೆ ಶೋಕಿಗೆ ಬಿಟ್ಟದ್ದಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಅವರ ಕೆಳದವಡೆ ಮೇಲಿನದಕ್ಕಿಂತ ಮುಂದೆ ಬಂದಿತ್ತು. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಮೇಲಿನ ಹಲ್ಲಿನ ಹೊರಗೆ ಕೂರುತ್ತಿತ್ತು, ಮುಖದ ನಡುಭಾಗ ಒಳಗೆ ಕುಸಿದಂತೆ ಕಾಣುತ್ತಿತ್ತು. ನಾನು ಅದನ್ನು ನೋಡುತ್ತಿದ್ದೇನೆ ಎಂದು ಅವರಿಗೂ ಗೊತ್ತಾಯಿತು. ಗದ್ದವನ್ನು ಇನ್ನಷ್ಟು ಮುಂದೆ ಚಾಚಿ, "ಇದು ನಮ್ಮ ಮನೆತನದ ಗದ್ದ ನೋಡವ್ವಾ. ಗಂಡಸಂದ್ರ ಹಿಂಗಿರಬೇಕು," ಎಂದರು. ಆ ಗದ್ದವನ್ನು ಅವರು ಪದವಿಯ ಹಾಗೆ ಹೊತ್ತು ತಿರುಗುತ್ತಿದ್ದರು.

ನನ್ನ ದವಾಖಾನೆಯಲ್ಲಿ ಅವರಿಗೇನು ಕೆಲಸ ಎಂದು ಕೇಳುತ್ತೀರಿ. ಏನೂ ಇಲ್ಲ. ನನ್ನ ಅಪ್ಪ ಶಾಲೆಯ ಮಾಸ್ತರರು. ಔರಾದದಲ್ಲಿದ್ದಾಗ ಇಬ್ಬರೂ ಒಂದೇ ಸಾಲಿನ ಬಾಡಿಗೆ ಕೋಣೆಗಳಲ್ಲಿ ಇದ್ದರಂತೆ, ಒಂದೇ ಒಲೆಯ ಮೇಲೆ ಅಡುಗೆ ಮಾಡಿ ಉಂಡವರಂತೆ. ಬೀದರಿನಲ್ಲಿ ನಾನು ದವಾಖಾನೆ ತೆರೆದ ಕಟ್ಟಡದ ಪಕ್ಕದ ಮನೆಯೇ ಅವರದು. ಪೂಜೆಯ ದಿನ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು, ಪೇಪರ್ ಓದಿದರು, ಚಹಾ ಕುಡಿದರು. ಮರುದಿನ ಮತ್ತೆ ಬಂದರು. ಹೀಗೆ ವಾರ ಕಳೆಯುವುದರೊಳಗೆ ಅದು ಅವರ ಕುರ್ಚಿಯಾಯಿತು.

"ಅವಂದು ಮಾತು ಬಿಡವ್ವಾ," ಎಂದರು ಅಪ್ಪ, ನಾನು ಗೊಣಗಿದಾಗ. "ಮನಿಯಾಗ ಅವನ ಮಾತು ಕೇಳಾವರಿಲ್ಲ. ಇಲ್ಲಿ ಬಂದು ಕೂಡ್ತಾನ. ನಿನಗೇನ ಭಾರ?"

ಭಾರ ಏನೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ತಾಯಿ ತಂದೆ ಮಗುವನ್ನು ಕರೆದುಕೊಂಡು ಬಂದು ಕೂರುತ್ತಿದ್ದಂತೆ ಇವರು ಪೇಪರ್ ಮಡಿಚುತ್ತಿದ್ದರು. "ಯಾವೂರ ಆತ್ರಿ?" ಎಂದು ಶುರು. ಔರಾದ ತಾಲೂಕು ಎಂದರೆ ಮುಗಿಯಿತು. ಊರಿನ ನಾಲ್ಕು ಮನೆ, ಆ ಮನೆಗಳ ಎತ್ತು, ಆಕಳು ಎಲ್ಲವನ್ನೂ ಹೆಸರು ಹಿಡಿದು ಕೇಳುತ್ತಿದ್ದರು. ಎದುರಿನವರು ಕೈ ಮುಗಿದಾದ ಮೇಲೆ, "ಎಲ್ಲಿ, ಕೂಸಿನ ಬಾಯಿ ನೋಡೋಣು," ಎಂದು ಮಗುವಿನ ಗಲ್ಲ ಹಿಡಿದು, ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿ, ಕಿಟಕಿಯ ಬೆಳಕಿಗೆ ಮುಖ ತಿರುಗಿಸುತ್ತಿದ್ದರು. ನೋಡಿ ಮುಗಿಸಿ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು. ಆಮೇಲೆ ತೀರ್ಪು.

"ಇದಿನ್ನ ನಾಕ ಹಲ್ಲಿಂದ ಅದರಿ. ಏನ ಅವಸರ? ಬಾಯಿ ಕೂಡಲಿ."

ಮಕ್ಕಳಿಗೆ ನಗು ಬರುತ್ತಿತ್ತು. ದೊಡ್ಡವರಿಗೆ ಬರುತ್ತಿರಲಿಲ್ಲ. ಒಕ್ಕಲುತನ ಮಾಡುವ ಮನೆಯವರಿಗೆ ಈ ಮಾತು ಸೀದಾ ಎದೆಗೆ ಇಳಿಯುತ್ತಿತ್ತು. ಹಲ್ಲು ಬೀಳದ ಕರುವಿನ ಬಾಯಿಗೆ ಯಾರು ಕೈ ಹಾಕುತ್ತಾರೆ? ಅದು ತಾನೇ ಬೆಳೆದು, ತಾನೇ ಹಲ್ಲು ಹಚ್ಚಿ, ತಾನೇ ಬಾಯಿ ಕೂಡುತ್ತದೆ. ಕಣ್ಣಾರೆ ಕಂಡದ್ದು. ನಾನು ಒಳಗೆ ಕೂತು ಎಕ್ಸ್‌ರೇ ತೋರಿಸಿ, ಅಚ್ಚು ತೋರಿಸಿ, ಗಂಟಲು ಒಣಗಿಸಿಕೊಂಡು ಹೇಳಿದ ಮಾತು ಆ ಒಂದು ವಾಕ್ಯದ ಮುಂದೆ ನಿಲ್ಲುತ್ತಿರಲಿಲ್ಲ. ಎತ್ತಿನ ಮೇಲಿನ ಒಸಡಿನಲ್ಲಿ ಮುಂದಿನ ಹಲ್ಲುಗಳೇ ಇರುವುದಿಲ್ಲ ಎಂಬುದನ್ನು ಯಾರೂ ಯೋಚಿಸುತ್ತಿರಲಿಲ್ಲ. ಮೇಲಿನ ಹಲ್ಲೇ ಇಲ್ಲದ ಪ್ರಾಣಿಗೆ ಮೇಲಿನ ಹಲ್ಲು ಕೆಳಗಿನದರ ಹಿಂದೆ ಸಿಕ್ಕಿಕೊಳ್ಳುವ ಕಷ್ಟ ಎಲ್ಲಿಂದ ಬರಬೇಕು? ಇದನ್ನು ಅವರಿಗೇ ಹೇಳಿದೆ. "ಓದಿದವರದು ಮಾತು ಜಾಸ್ತಿ," ಎಂದು ಪೇಪರ್ ಬಿಚ್ಚಿದರು.

ಸಿಟ್ಟು ಬರುವ ಸಂಗತಿ ಏನೆಂದರೆ, ಹೆಚ್ಚು ಸಲ ಅವರ ಮಾತು ನಿಜವಾಗುತ್ತಿತ್ತು. ಬಂದ ಮಕ್ಕಳಲ್ಲಿ ಬಹುಪಾಲಿಗೆ ನಾನು ಹೇಳುತ್ತಿದ್ದುದೂ ಅದೇ: ಈಗೇನೂ ಬೇಡ, ಎಲ್ಲ ಹಲ್ಲು ಬರಲಿ, ಆಮೇಲೆ ನೋಡೋಣ. ಎಲ್ಲರಿಗೂ ಒಂದೇ ಮಾತು ಹೇಳುವವನಿಗೆ ಈ ಒಂದು ಅನುಕೂಲ ಇದೆ. ಪ್ರತಿ ಮಂಗಳವಾರ ನಾನು ಭಾಲ್ಕಿಗೆ ಹೋಗಿ ಗೆಳತಿಯ ದವಾಖಾನೆಯಲ್ಲಿ ಕೂರುತ್ತೇನೆ. ಅಲ್ಲಿಗೆ ಸಾಯಗಾಂವದ ರೈತರೊಬ್ಬರು ಮಗನನ್ನು ತಂದಿದ್ದರು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ಆ ವಯಸ್ಸಿಗೆ ಅದು ಇರುವಂಥದ್ದೇ. ಚಿಂತೆ ಬೇಡ, ಕಾಯಿರಿ ಎಂದೆ.

"ಇದ ಮಾತು ಬೀದರ ಸಾಹೇಬ್ರೂ ಅಂದಿದ್ರು ನೋಡ್ರಿ," ಎಂದರು ಅವರು ಖುಷಿಯಿಂದ. "ಬಸ್ ಸ್ಟ್ಯಾಂಡಿನಾಗ ಭೇಟಿ ಆಗಿದ್ರು. ನಿಂತ ಕಾಲಮ್ಯಾಲೆ ಹೇಳಿದ್ರು. ನೀವು ಫೋಟೋ ತೆಗ್ದು ಹೇಳಿದ್ರಿ, ಅಷ್ಟ ಫರಕ."

ಬಸ್ ಸ್ಟ್ಯಾಂಡಿನಲ್ಲೂ ಬಿಡಲಿಲ್ಲ ಈ ಮನುಷ್ಯ ಎಂದು ಹಲ್ಲು ಕಡಿದೆ.

ಅವರಿಗೆ ಸರಿಯಾದ ಮಂಗಳಾರತಿ ಎತ್ತಿದ್ದು ಒಬ್ಬಳೇ ಹೆಂಗಸು. ಬಿದರಿ ಕೆಲಸದವರ ಮನೆಯವಳು, ಹಳೇ ಊರಿನ ಕಡೆಯಿಂದ ಬುರ್ಖಾ ಹಾಕಿಕೊಂಡು ಮಗಳ ಕೈ ಹಿಡಿದು ಬಂದಿದ್ದಳು. ಇವರ ಹೆಬ್ಬೆರಳು ಮಗಳ ತುಟಿಯ ಹತ್ತಿರ ಬಂದದ್ದೇ ತಡ, ಆ ಕೈಯನ್ನು ಪಟ್ಟನೆ ಸರಿಸಿದಳು. "ಹಾತ್ ಪೀಛೇ ಲೇವ್ ಸಾಬ್. ಮೇರಿ ಬಚ್ಚಿ ಹೈ, ಬೈಲ್ ನೈಂ. ಬಜಾರ್ ಮೇಂ ಬೇಚ್ನೇ ನೈಂ ಲಾಯಿ ಮೈಂ." ಇದು ನನ್ನ ಮಗು, ಎತ್ತಲ್ಲ, ಸಂತೆಗೆ ಮಾರಲು ತಂದಿಲ್ಲ! ನಾನು ಒಳಗಿನಿಂದ ಕೇಳಿಸಿಕೊಂಡೆ. ಆ ದಿನ ನನಗೆ ಊಟ ರುಚಿಸಿತು. ಆ ಹುಡುಗಿಯ ಮೇಲಿನ ಒಂದೇ ಒಂದು ಹಲ್ಲು ಕೆಳಗಿನದರ ಹಿಂದೆ ಸಿಕ್ಕಿಕೊಂಡಿತ್ತು. ಒಂದು ಚಿಕ್ಕ ಪ್ಲೇಟು ಹಾಕಿದೆ, ಕೆಲವು ತಿಂಗಳಲ್ಲಿ ಸರಿಹೋಯಿತು. ಇವರು ಅದನ್ನು ನೋಡಿ, "ಅದು ತಾನ ಸರಿ ಆಗ್ತಿತ್ತು," ಎಂದರು. ನಾಚಿಕೆ ಎಂಬುದು ಅವರ ಹತ್ತಿರ ಸುಳಿದದ್ದು ನಾನು ನೋಡಿಲ್ಲ.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ತಲೆಹರಟೆ ಮುದುಕ ಎಂದು ಮರೆತುಬಿಡುತ್ತಿದ್ದೆ. ಇಂಥವರು ಪ್ರತಿ ಗಲ್ಲಿಯಲ್ಲೂ ಇರುತ್ತಾರೆ. ಮರೆಯಲಾಗದ್ದು ಠಾಣಾ ಕುಶನೂರಿನ ಹುಡುಗಿಯ ಸಂಗತಿ.

ತೊಗರಿ, ಸೋಯಾ ಬೆಳೆಯುವ ಮನೆಯ ಹುಡುಗಿ. ಆಗ ಏಳು ವರ್ಷ. ತಾಯಿಯ ಜೊತೆ ಬೆಳಗಿನ ಬಸ್ಸಿಗೆ ಬಂದಿದ್ದಳು. ಕುರ್ಚಿಗೆ ಹತ್ತಿ ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಕೆಳದವಡೆ ಮುಂದೆ, ಮೇಲಿನದು ಹಿಂದೆ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಹೊರಗೆ. ಶಾಲೆಯಲ್ಲಿ ಹುಡುಗರು ಅಣಕಿಸುತ್ತಾರೆ, ರೊಟ್ಟಿ ಕಚ್ಚಿ ತಿನ್ನಲು ಬರುವುದಿಲ್ಲ ಎಂದಳು ತಾಯಿ. ಎಕ್ಸ್‌ರೇ ನೋಡಿದೆ. ಕಾಯಬಾರದ ಮಕ್ಕಳು ಕೆಲವರು ಎಂದೆನಲ್ಲ, ಅಂಥ ಮಗು ಇದು.

ತಾಯಿಯನ್ನು ಕೂರಿಸಿಕೊಂಡು ಹೇಳಿದೆ. ಬಾಯೊಳಗೆ ಒಂದು ಪ್ಲೇಟು. ಹೊರಗೆ ಹಣೆಗೊಂದು ಪಟ್ಟಿ, ಗದ್ದಕ್ಕೊಂದು ಬಟ್ಟಲು, ನಡುವೆ ಒಂದು ಸರಳು. ಪ್ಲೇಟಿನಿಂದ ಸರಳಿಗೆ ರಬ್ಬರ್ ಹಾಕಿದರೆ ಹಿಂದುಳಿದ ಮೇಲ್ದವಡೆ ನಿಧಾನವಾಗಿ ಮುಂದೆ ಬರುತ್ತದೆ. ಸಂಜೆ ಹಾಕಿಕೊಂಡು ಬೆಳಿಗ್ಗೆ ಬಿಚ್ಚಬೇಕು, ವರ್ಷದ ಮಟ್ಟಿಗೆ. ಈಗ ಮಾಡಿದರೆ ಆಗುತ್ತದೆ. ಹತ್ತು ದಾಟಿದ ಮೇಲೆ ಕಷ್ಟ. ದೊಡ್ಡವಳಾದ ಮೇಲೆ ಎಲುಬು ಕೊಯ್ಯುವುದೊಂದೇ ದಾರಿ.

ತಾಯಿಗಿಂತ ಮೊದಲು ಹುಡುಗಿ ಕೇಳಿದಳು. "ಸಾಲಿಗಿ ಹಾಕ್ಕೊಂಡ ಹೋಗಬೇಕೇನ್ರಿ?"

"ಬೇಡ. ಮನಿಯಾಗ ಅಷ್ಟೇ."

"ಮತ್ತ ಆಗ್ಲಿರಿ," ಎಂದಳು. ಅವಳ ಮಟ್ಟಿಗೆ ಮಾತು ಮುಗಿದಿತ್ತು. ತಾಯಿಯೂ ಹೂಂ ಎಂದಳು. ಮುಂದಿನ ವಾರ ಅಚ್ಚು ತೆಗೆಯುವುದು ಎಂದು ಗೊತ್ತು ಮಾಡಿ ಕಳಿಸಿದೆ.

ಮುಂದಿನ ವಾರ ಅವರು ಬರಲಿಲ್ಲ. ಫೋನು ಮಾಡಿದೆ. "ಸಾಹೇಬ್ರು ಅಂದ್ರರಿ, ಬಾಯಿ ಕೂಡಲಿ ಅಂತ," ಎಂದಳು ತಾಯಿ, ಸಂಕೋಚದಿಂದ. "ನಮ್ಮ ಮಾವಂದು ಎತ್ತು ಹೊಟ್ಟಿ ಉಬ್ಬಿ ಬಿದ್ದಾಗ ಅವರ ಉಳಿಸಿದ್ರರಿ. ಅವರ ಮಾತು ನಮ್ಮ ಮನಿಯಾಗ ಯಾರೂ ಮೀರಂಗಿಲ್ಲರಿ." ನಾನು ಮತ್ತೆ ಎಲ್ಲ ಹೇಳಿದೆ. ಅತ್ತೆಯನ್ನು ಕೇಳುತ್ತೇನೆ ಎಂದಳು. ಇನ್ನೊಮ್ಮೆ ಫೋನು ಮಾಡಿದೆ. ಹಲ್ಲೆಲ್ಲ ಬಂದ ಮೇಲೆ ಬರ್ತೇವಿ ಎಂದಳು. ಆಮೇಲೆ ಆ ನಂಬರೇ ಹತ್ತಲಿಲ್ಲ.

ಅವತ್ತು ನಾನು ಹೊರಗೆ ಬಂದು, ಜನರ ಎದುರಿಗೇ ಕೇಳಿದೆ. "ಕಾಕಾ, ಕುಶನೂರಿನವರಿಗೆ ನೀವು ಏನ ಹೇಳಿದ್ರಿ?"

"ಇದ್ದದ್ದು ಹೇಳೀನಿ. ಹೆಣ್ಣ ಕೂಸಿನ ಮಾರಿಗಿ ಕುದರಿಗತಿ ಲಗಾಮ ಹಾಕ್ತೀ ಅಂತಲ್ಲವ್ವಾ ನೀ? ನಾ ಮೂವತ್ತ ವರ್ಷ ಬಾಯಿ ನೋಡೀನಿ."

"ದನದ ಬಾಯಿ ನೋಡೀರಿ ಕಾಕಾ."

ಕೂತವರಲ್ಲಿ ಒಬ್ಬಿಬ್ಬರು ನಕ್ಕರು. ಅವರ ಮುಖ ಕೆಂಪಾಯಿತು. ಎದ್ದು ಹೋದರು. ಕೆಲವು ದಿನ ಬರಲಿಲ್ಲ. ಆಮೇಲೆ ಅಪ್ಪನೇ ಅವರ ಕೈ ಹಿಡಿದು ಕರೆದುಕೊಂಡು ಬಂದರು. ನಾನು ಕಿಟಕಿ ಪಕ್ಕದ ಕುರ್ಚಿಯನ್ನು ಎತ್ತಿಸಿ ಹೊರಗೆ ಮೆಟ್ಟಿಲ ತುದಿಯಲ್ಲಿ ಇಡಿಸಿದೆ, ಅವಮಾನವಾಗಿ ಇನ್ನು ಬಾರದೆ ಇರಲಿ ಎಂದು. ಅವರು ಅಲ್ಲೇ ಕೂತರು. ಮೊದಲು ಒಳಗೆ ಬಂದವರನ್ನು ಹಿಡಿಯುತ್ತಿದ್ದರು, ಈಗ ಒಳಗೆ ಬರುವ ಮೊದಲೇ ಹಿಡಿಯತೊಡಗಿದರು.

ಆದರೆ ಹೀಗೆ ತಿರುಗಿ ಬಂದ ಮೇಲೆ ಅವರಲ್ಲಿ ಒಂದು ಹೊಸ ಚಾಳಿ ಕಂಡಿತು. ಮಧ್ಯಾಹ್ನ ನಾನು ಊಟಕ್ಕೆ ಏಳುವಾಗ ಬಾಗಿಲಿಗೆ ಒರಗಿ ನಿಂತು, ಮೀಸೆಯಡಿ ನಗುತ್ತ ಕೆಣಕುವರು. "ಅಲ್ಲವ್ವಾ, ಆ ನಿನ್ನ ಲಗಾಮು ದಿನಕ್ಕ ಎಷ್ಟ ತಾಸ ಹಾಕಬೇಕು?" ಹೇಳಿದೆ. ಮರುದಿನ, "ರಬ್ಬರ್ ಹರದ್ರ ಏನ ಮಾಡ್ತಾರ? ದಿನಾ ಹೊಸಾದ?" ಹೇಳಿದೆ. ಇನ್ನೊಂದು ದಿನ, "ಯಾವ ವಯಸ್ಸು ದಾಟಬಾರದು ಅಂತೀ? ಎಂಟ ಆದ್ರ ನಡೀತದೇನ?" ನಡೆಯುತ್ತದೆ ಎಂದೆ. "ಗದ್ದಕ್ಕ ಬಟ್ಟಲು ಹತ್ತಿದಲ್ಲಿ ಹುಣ್ಣ ಆಗಂಗಿಲ್ಲೇನ?" ಮೆತ್ತನೆ ಬಟ್ಟೆ ಹಾಕಬೇಕು ಎಂದೆ. ಪ್ರತಿ ಸಲ ಕೊನೆಗೆ, "ಏನ ಆಟ ಹಚ್ಚೀರೋ ಏನೋ!" ಎಂದು ತಲೆ ಅಲ್ಲಾಡಿಸಿ ಹೋಗುವರು. ನಾನು ಹಲ್ಲು ಕಚ್ಚಿಕೊಂಡು ಉತ್ತರ ಕೊಟ್ಟೆ. ಒಂದಲ್ಲ ಒಂದು ದಿನ ಈ ಮೊಂಡು ತಲೆಯೊಳಗೆ ಏನಾದರೂ ಇಳಿದೀತು ಎಂಬ ಆಸೆ ನನಗೆ. ಇಳಿದಿತ್ತು. ಅದು ನನಗೆ ಗೊತ್ತಾದದ್ದು ಅವರ ಹೆಣ ಹೋದ ಮರುದಿನ.

ನಡುವಿನ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅಪ್ಪ ಹೋದರು. ಅಪ್ಪನ ಗೆಳೆಯ ಮೆಟ್ಟಿಲ ತುದಿಯಲ್ಲಿ ಉಳಿದರು. ಬಾಯಿ ಕೂಡಲಿ, ಬಾಯಿ ಕೂಡಲಿ ಎನ್ನುತ್ತಲೇ ಇದ್ದರು. ಅವರದೇ ಬಾಯಿಯ ಹಲ್ಲು ಒಂದೊಂದೇ ಉದುರಿದವು. ಎಲ್ಲಿ ಕಟ್ಟಿಸಲಿ ಎಂದೂ ನನ್ನನ್ನು ಕೇಳಲಿಲ್ಲ. ಎಲ್ಲೋ ಹೋಗಿ ಕಟ್ಟಿಸಿಕೊಂಡು ಬಂದರು. ಕಟ್ಟಿದ ಹಲ್ಲು ಮಾತಾಡುವಾಗ ಟಕ್ ಎನ್ನುತ್ತಿತ್ತು, ಆದರೆ ಮಾತೇನೂ ಕಡಿಮೆಯಾಗಲಿಲ್ಲ.

ಅವರ ಮಣ್ಣಾದ ಮರುದಿನ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಬಂದ. ಹದಿನೇಳರ ಆಸುಪಾಸಿನ ಎತ್ತರದ ಹುಡುಗ. ಅವರ ಮಗಳ ಮಗ, ಹೈದರಾಬಾದಿನವನು, ಮಣ್ಣಿಗೆ ಬಂದವನು. ಗದ್ದಲದಲ್ಲಿ ಯಾರೋ ಕಾಲಿಟ್ಟು ಅವನ ಹಲ್ಲಿನ ಪ್ಲೇಟು ಮುರಿದಿತ್ತು. ತಂತಿ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಿರಲಿ ಎಂದು ಹಾಕುವ ಪ್ಲೇಟು. ಕೂರಿಸಿ ಬಾಯಿ ನೋಡಿದೆ. ಅಜ್ಜನದೇ ಮೂಗು, ಅಜ್ಜನದೇ ಕಣ್ಣು. ಗದ್ದ ಮಾತ್ರ ಅಜ್ಜನದಲ್ಲ. ಮೇಲಿನ ಹಲ್ಲು ಕೆಳಗಿನದರ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಇಂಥ ಕೆಲಸ ತಾನಾಗಿ ಆಗುವಂಥದ್ದಲ್ಲ, ನನ್ನ ಕಣ್ಣಿಗೆ ಅಷ್ಟು ತಿಳಿಯುತ್ತದೆ.

"ಚಿಕ್ಕವನಿದ್ದಾಗ ಮುಖಕ್ಕೆ ಏನಾದರೂ ಹಾಕ್ಕೊಳ್ತಿದ್ದೆಯಾ?" ಎಂದು ಕೇಳಿದೆ.

ಹುಡುಗ ನಕ್ಕ. "ಹೌದು ಆಂಟಿ. ಮಾಸ್ಕು. ಮುತ್ಯಾನೇ ಹೈದರಾಬಾದಿಗಿ ಬಂದು ಡಾಕ್ಟರ ಹತ್ರ ಕರಕೊಂಡು ಹೋಗಿದ್ರು. ಪಪ್ಪಾ ಬ್ಯಾಡ ಅಂದಿದ್ರು, ಮುತ್ಯಾ ಕೇಳಲಿಲ್ಲ. ರಜಾದಾಗ ಇಲ್ಲಿ ಬಂದಾಗ ಅವರೇ ರಬ್ಬರ್ ಹಾಕ್ತಿದ್ರು. ಗದ್ದಕ್ಕ ಮೆತ್ತನ್ನ ಅರಬಿ ಇಡ್ತಿದ್ರು."

"ಇಲ್ಲೇ? ಪಕ್ಕದ ಮನೆಯಲ್ಲಿ?"

"ಹೌದು. ಬಾಗಲಾ ಹಾಕ್ಕೊಂಡು. ಬಾಜೂ ದವಾಖಾನಿ ಆಂಟಿ ಮುಂದ ಹೇಳಬ್ಯಾಡ ಅಂತಿದ್ರು." ಆಗ ಅವನಿಗೆ ಏನೋ ಹೊಳೆದು, "ಸಾರಿ ಆಂಟಿ," ಎಂದ.

ಯಾವಾಗ ಎಂದು ಕೇಳಿದೆ. ಎರಡನೇ ಕ್ಲಾಸು ಮುಗಿದ ಬೇಸಿಗೆ, ಎಂಟು ತುಂಬಿತ್ತು ಎಂದ. ಲೆಕ್ಕ ಹಾಕಬೇಕಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ಎಂಟಾದರೆ ನಡೆಯುತ್ತದೇನು ಎಂದು ಕೇಳಿದ ಅದೇ ಬೇಸಿಗೆ. ನನ್ನ ಬಾಯಿಂದ ಒಂದೊಂದೇ ಮಾತು ಕೆಣಕಿ ತೆಗೆದುಕೊಂಡು ಹೋಗಿ ತಮ್ಮ ಮೊಮ್ಮಗನನ್ನು ಉಳಿಸಿಕೊಂಡಿದ್ದರು. ಮನೆತನದ ಗದ್ದ, ಗಂಡಸಿನ ಗದ್ದ! ಆ ಗದ್ದ ಹೊತ್ತು ತಿರುಗುವುದು ಎಂಥದ್ದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಮೊಮ್ಮಗನಿಗೆ ಮಾಡಿಸಿದ್ದು ತಪ್ಪಲ್ಲ. ಅದು ಅವರು ಜೀವನದಲ್ಲಿ ಮಾಡಿದ ಬುದ್ಧಿವಂತ ಕೆಲಸ. ಆದರೆ ಆ ಬುದ್ಧಿ ಬಂದ ದಿನ ಕುಶನೂರಿನ ಹುಡುಗಿಗೆ ಇನ್ನೂ ಏಳೇ ವರ್ಷ. ಬೀದರಿನಿಂದ ಅಲ್ಲಿಗೆ ಬಸ್ಸು ಇದ್ದವು. ದಾರಿಯ ಊರುಗಳಲ್ಲೆಲ್ಲ ಅವರಿಗೆ ಕೈ ಮುಗಿಯುವ ಜನ ಇದ್ದರು. ಯಾರ ಕೈಯಲ್ಲಾದರೂ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು: ನಾ ಅಂದದ್ದು ತಪ್ಪಾಯ್ತು, ಕೂಸಿನ್ನ ಕರಕೊಂಡು ಬರ್ರಿ. ಅದನ್ನು ಹೇಳಿದರೆ ಮೂವತ್ತು ವರ್ಷ ಬಾಯಿ ನೋಡಿದ ದೊಡ್ಡಸ್ತಿಕೆ ಏನಾಗಬೇಕು? ಅದಕ್ಕೆ ಹೇಳಲಿಲ್ಲ. ಹೇಳಲಿಲ್ಲ ಅಷ್ಟೇ ಅಲ್ಲ, ಮನೆಯೊಳಗೆ ಬಾಗಿಲು ಹಾಕಿಕೊಂಡು ಮೊಮ್ಮಗನಿಗೆ ರಬ್ಬರ್ ಹಾಕಿ, ಹೊರಗೆ ಬಂದು ನನ್ನ ಮೆಟ್ಟಿಲ ಮೇಲೆ ಕೂತು ಬೇರೆಯವರ ಮಕ್ಕಳಿಗೆ ಬಾಯಿ ಕೂಡಲಿ ಎಂದರು. ತಿಳಿಯದೆ ಆಡುವವನನ್ನು ಕ್ಷಮಿಸಬಹುದು. ಈ ಮನುಷ್ಯನನ್ನು ಏನು ಮಾಡುವುದು? ಎದುರಿಗೆ ಇದ್ದಿದ್ದರೆ ಆ ಕುರ್ಚಿಯ ಸಮೇತ ಮೆಟ್ಟಿಲಿಂದ ಕೆಳಗೆ ನೂಕುತ್ತಿದ್ದೆ. ಎದುರಿಗೆ ಇರಲಿಲ್ಲ. ಹುಡುಗನ ಪ್ಲೇಟಿಗೆ ಅಚ್ಚು ತೆಗೆದು ಕಳಿಸಿದೆ.

ಅದರ ಮರುದಿನ ಕುಶನೂರಿನ ತಾಯಿ ಬಂದಳು. ನನಗೆ ತಕ್ಷಣ ಗುರುತು ಸಿಗಲಿಲ್ಲ. ಹಿಂದೆ ನಿಂತ ಹುಡುಗಿಯನ್ನು ನೋಡಿ ಸಿಕ್ಕಿತು. ಹದಿನಾರರ ಹುಡುಗಿ, ಓಢಣಿಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ತಾಯಿಯ ಕಂಕುಳಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕಾದವರು ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದು ಉಣ್ಣಿಸುತ್ತಾರೆ.

"ಸಾಹೇಬ್ರ ಮನಿಗಿ ಬಂದೀವ್ರಿ," ಎಂದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು. "ದೇವರಂಥಾ ಮನಷ್ಯಾರು. ಹೆಂಗೂ ಬಂದೀವಿ, ಇಕಿದೊಂದು ಬಾಯಿ ತೋರಿಸಿ ಹೋಗಾಮು ಅಂತ. ಹತ್ತನೇತಿ ಮುಗೀತ್ರಿ. ಮುಂದಿನ ಸಾಲಿಗಿ ಹೋಗಂಗಿಲ್ಲ ಅಂತಾಳ, ಮಾರಿ ತೋರ್ಸಾಕ ನಾಚಕಿ ಅಂತ."

ಹುಡುಗಿ ಕುರ್ಚಿಗೆ ಹತ್ತಿ ಓಢಣಿ ತೆಗೆದಳು. ಹೇಗಾಗಬಾರದು ಎಂದು ಅವತ್ತು ಹೇಳಿದ್ದೆನೋ ಹಾಗೆಯೇ ಆಗಿತ್ತು. ಗದ್ದ ಉದ್ದವಾಗಿ ಮುಂದೆ ಬಂದಿತ್ತು, ಮುಂದಿನ ಹಲ್ಲು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಬಾಯಿ ಮಾತ್ರ ಪೂರ್ತಿ ಕೂಡಿತ್ತು. ಎಲ್ಲ ಹಲ್ಲೂ ಬಂದಿದ್ದವು.

ಈಗ ಏನು ಮಾಡಬಹುದು ಎಂದು ಹೇಳಿದೆ. ಎಲುಬಿನ ಬೆಳವಣಿಗೆ ನಿಲ್ಲಬೇಕು, ಅದಕ್ಕೆ ಇನ್ನೂ ಎರಡು ವರ್ಷ ಹಿಡಿದೀತು. ಆಮೇಲೆ ತಂತಿ ಹಾಕಿ, ದೊಡ್ಡ ಆಸ್ಪತ್ರೆಗೆ ಹೋಗಿ ದವಡೆ ಕೊಯ್ಸಿ ಕೂರಿಸಬೇಕು. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅಲ್ಲಿಯವರೆಗೆ ಕಾಯಬೇಕು. ಆ ಮಾತು ನನ್ನ ಬಾಯಿಂದಲೇ ಬಂದಾಗ ನಾಲಿಗೆ ಕಹಿಯಾಯಿತು.

"ಆಗ ಮಾಡಿಸಿದ್ರ ಸರಿ ಆಗ್ತಿತ್ತೇನ್ರಿ?" ಎಂದಳು ಹುಡುಗಿ. ಏಳು ವರ್ಷದವಳಿದ್ದಾಗ ಕೇಳಿದಷ್ಟೇ ನೇರವಾಗಿ.

ತಾಯಿ ನನ್ನ ಮುಖ ನೋಡಿದಳು. ಸುಳ್ಳು ಹೇಳು ಎಂದು ಆ ಕಣ್ಣು ಕೇಳುತ್ತಿತ್ತು.

"ಆಗ್ತಿತ್ತು," ಎಂದೆ. "ಖಂಡಿತ ಅಂತ ಯಾರೂ ಹೇಳಲಾರರು. ಆದರೆ ಬಹಳ ಮಟ್ಟಿಗೆ ಆಗ್ತಿತ್ತು."

"ಸಾಹೇಬ್ರಿಗಿ ಏನ ಗೊತ್ತಿತ್ತರಿ ಪಾಪ," ಎಂದಳು ತಾಯಿ ಅವಸರದಿಂದ. "ಅವರೇನ ಹಲ್ಲಿನ ಡಾಕ್ಟರಲ್ಲ. ನಮ್ಮ ಛಲೋದಕ್ಕ ಹೇಳಿದ್ರು. ಗೊತ್ತಿದ್ರ ಹೇಳ್ತಿದ್ದಿಲ್ಲೇನ್ರಿ?"

ಒಬ್ಬರ ಬಾಯಿಯ ಗುಟ್ಟನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಸತ್ತು ಇನ್ನೂ ಮೂರು ದಿನ ತುಂಬದವರ ಬಗ್ಗೆ ಆಡಬಾರದ ಮಾತೂ ಇರುತ್ತದೆ. ಎರಡೂ ನನಗೆ ಗೊತ್ತಿತ್ತು.

"ಗೊತ್ತಿತ್ತು," ಎಂದೆ. ಮೊಮ್ಮಗನ ಸಂಗತಿ ಹೇಳಿದೆ. ಬಾಗಿಲಿಗೆ ಒರಗಿ ಕೇಳಿದ ಪ್ರಶ್ನೆಗಳನ್ನೂ, ಬಾಗಿಲು ಹಾಕಿಕೊಂಡು ಹಾಕಿದ ರಬ್ಬರನ್ನೂ ಹೇಳಿದೆ.

ತಾಯಿ ಬೈಯಲಿಲ್ಲ, ಅಳಲೂ ಇಲ್ಲ. ಮಗಳ ಕೈ ಹಿಡಿದು ಹೊರಗೆ ಹೋದಳು. ಮೆಟ್ಟಿಲಿಳಿದು ಪಕ್ಕದ ಮನೆಗೆ ಹೋಗುತ್ತಾಳೆ, ಹೇಗಿದ್ದರೂ ಎತ್ತಿನ ಋಣ ಇದೆಯಲ್ಲ, ಎಂದುಕೊಂಡೆ. ಕೈ ತೊಳೆದು ಹೊರಗೆ ಬಂದು ನೋಡಿದರೆ ಅವಳು ಮೆಟ್ಟಿಲ ತುದಿಯಲ್ಲೇ ಇದ್ದಳು. ಮಗಳನ್ನು ಅವರ ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತು, ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಒಂದು ಮನೆಯವರು ಹೊಟ್ಟೆ ತುಂಬ ಉಣ್ಣುವಷ್ಟು ಇತ್ತು.

"ಮುಂಜಾನಿಂದ ಏನೂ ತಿಂದಿಲ್ಲ ಇಕಿ," ಎಂದಳು ನನ್ನನ್ನು ನೋಡದೆ. "ತಿನ್ನವ್ವಾ."

ಹುಡುಗಿ ರೊಟ್ಟಿಯನ್ನು ಕಚ್ಚಲು ಹೋಗಲಿಲ್ಲ. ಬೆರಳಿನಿಂದ ಸಣ್ಣ ಸಣ್ಣ ಚೂರು ಮಾಡಿ, ಬಾಯಿಯ ಒಂದು ಮಗ್ಗುಲಿಗೆ ಇಟ್ಟುಕೊಂಡು ನಿಧಾನ ಅಗಿಯತೊಡಗಿದಳು. ಓಢಣಿ ಭುಜದ ಮೇಲೆಯೇ ಇತ್ತು. ಪಕ್ಕದ ಮನೆಯಲ್ಲಿ ಯಾರೋ ಹೊಸದಾಗಿ ಬಂದವರು ದನಿ ತೆಗೆದು ಅತ್ತರು. ತಾಯಿ ಒಂದು ರೊಟ್ಟಿ ಮುರಿದು, ಪಲ್ಯ ಹಚ್ಚಿ ನನ್ನ ಕಡೆ ಚಾಚಿದಳು. ಸಾವಿನ ಮನೆಗೆಂದು ಕಟ್ಟಿದ ಬುತ್ತಿಯನ್ನು ಬೇರೆಯವರು ಮುಟ್ಟುವುದಿಲ್ಲ. ನಾನು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಅದನ್ನು ತಿಂದೆ.